ಅನ್ನದಡಿಯ ಮೊಟ್ಟೆ

ಬೆಂಗಳೂರಿನ ಒಂದು ಕೊರಿಯನ್ ಹೋಟೆಲಿನಲ್ಲಿ ಆ ಡಬ್ಬಿಯನ್ನು ಮೊದಲ ಸಲ ಕೈಯಲ್ಲಿ ಹಿಡಿದೆ. ಬಂಗಾರದ ಬಣ್ಣದ, ಚಪ್ಪಟೆಯಾದ, ಹಗುರವಾದ ಡಬ್ಬಿ. ಬಡಿಸಲು ಬಂದ ಹುಡುಗ ಮುಚ್ಚಳ ತೆಗೆದು ಒಳಗಿರುವುದನ್ನು ಒಂದು ಸಲ ತೋರಿಸಿದ. ಆಮೇಲೆ ಮುಚ್ಚಳ ಹಾಕಿ, ಎರಡೂ ಕೈಯಲ್ಲಿ ಒತ್ತಿ ಹಿಡಿದು, ‘ಜೋರಾಗಿ ಅಲ್ಲಾಡಿಸಿ ಸಾರ್’ ಎಂದ. ಪಕ್ಕದ ಮೇಜಿನಲ್ಲಿ ಕಾಲೇಜಿನ ನಾಲ್ಕು ಮಕ್ಕಳು ಆಗಲೇ ಅಲ್ಲಾಡಿಸುತ್ತಿದ್ದರು, ಒಬ್ಬಳು ಅದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದಳು. ನಾನೂ ಅಲ್ಲಾಡಿಸಿದೆ. ಮುಚ್ಚಳದ ಸಂದಿಯಿಂದ ಕಿಮ್ಚಿಯ ಕೆಂಪು ರಸ ಜಿನುಗಿ ಅಂಗಿಯ ತೋಳಿಗೆ ಹತ್ತಿತು. ಆ ಕಲೆ ಇನ್ನೂ ಪೂರ್ತಿ ಹೋಗಿಲ್ಲ.

ಒಳಗಿದ್ದದ್ದು ಇಷ್ಟು. ತಳದಲ್ಲಿ ಅನ್ನ, ಒಂದು ಮೂಲೆಯಲ್ಲಿ ಎಣ್ಣೆಯಲ್ಲಿ ಬಾಡಿಸಿದ ಕಿಮ್ಚಿ, ಇನ್ನೊಂದರಲ್ಲಿ ಸಿಹಿ ಬೆರೆಸಿ ಹುರಿದ ಸಣ್ಣ ಒಣಮೀನು, ಮೊಟ್ಟೆಯಲ್ಲಿ ಅದ್ದಿ ಕರಿದ ಗುಲಾಬಿ ಬಣ್ಣದ ಸಾಸೇಜಿನ ಬಿಲ್ಲೆಗಳು, ಸೋಯಾ ರಸದಲ್ಲಿ ಬೇಯಿಸಿದ ಕಪ್ಪು ಕಾಳು. ಎಲ್ಲದರ ಮೇಲೆ ಸೂರ್ಯನಂತೆ ಒಂದು ಮೊಟ್ಟೆ. ಕೊರಿಯಾದಲ್ಲಿ ಇದನ್ನು ‘ಚುವೊಕ್‌ಎ ದೊಸಿರಾಕ್’ ಎನ್ನುತ್ತಾರೆ. ದೊಸಿರಾಕ್ ಎಂದರೆ ಬುತ್ತಿ, ಚುವೊಕ್ ಎಂದರೆ ನೆನಪು. ನೆನಪಿನ ಬುತ್ತಿ! ಕನ್ನಡದಲ್ಲಿ ಈ ಹೆಸರಿನ ಅಂಕಣಗಳಿಗೆ, ಪುಸ್ತಕಗಳಿಗೆ ಬರವಿಲ್ಲ. ಅಲ್ಲಿ ಅದೇ ಮಾತು ಮೆನುವಿನಲ್ಲಿ ಬೆಲೆಯ ಸಮೇತ ಅಚ್ಚಾಗಿದೆ.

ಇದನ್ನು ವಿಮರ್ಶೆಯ ವಸ್ತುವಾಗಿ ಎತ್ತಿಕೊಳ್ಳಲು ಕಾರಣವಿದೆ. ನಮ್ಮ ಅಂತರ್ಜಾಲ ಪತ್ರಿಕೆಗಳಲ್ಲಿ ವಾರಕ್ಕೊಂದಾದರೂ ಬಾಲ್ಯದ ತಿಂಡಿಯ ಬಗ್ಗೆ ಪ್ರಬಂಧ ಬರುತ್ತದೆ. ನಾನೂ ಬರೆದಿದ್ದೇನೆ. ಅಂಥ ಪ್ರಬಂಧಕ್ಕೆ ಒಂದು ಪಾಕವಿಧಾನವಿದೆ: ಅಜ್ಜಿ ಅಥವಾ ಅಮ್ಮ, ಮಳೆ ಅಥವಾ ಚಳಿ, ಒಂದು ಪರಿಮಳ, ಕೊನೆಗೆ ‘ಆ ರುಚಿ ಈಗೆಲ್ಲಿ’ ಎಂಬ ನಿಟ್ಟುಸಿರು. ಕೊರಿಯಾದವರು ಈ ಪ್ರಬಂಧವನ್ನು ಬರೆದಿದ್ದಷ್ಟೇ ಅಲ್ಲ, ಅದನ್ನು ಲೋಹದ ಡಬ್ಬಿಯಲ್ಲಿ ತುಂಬಿ ಊಟವನ್ನಾಗಿಯೂ ಮಾಡಿದರು. ಹಾಗಾಗಿ ಇಂಥ ಬರಹದಲ್ಲಿ ಏನು ಉಳಿಯುತ್ತದೆ, ಏನು ಬಿಟ್ಟುಹೋಗುತ್ತದೆ ಎಂದು ನೋಡಲು ನನಗೆ ನಮ್ಮದಕ್ಕಿಂತ ಅವರ ಬುತ್ತಿಯೇ ಅನುಕೂಲವಾಗಿ ಕಂಡಿತು. ನಮ್ಮದನ್ನು ಬಿಚ್ಚಿದರೆ ಕಣ್ಣು ಮಂಜಾಗುತ್ತದೆ.

ಮೊದಲು ಲೋಹದ ವಿಷಯ. ಈ ಡಬ್ಬಿಗೆ ‘ಯಾಂಗುನ್’ ಡಬ್ಬಿ ಎಂದು ಹೆಸರು. ಅಕ್ಷರಶಃ ‘ಕಡಲಾಚೆಯ ಬೆಳ್ಳಿ’, ಅಂದರೆ ಪರದೇಶದ ಬೆಳ್ಳಿ. ಮೂಲದಲ್ಲಿ ಅದು ತಾಮ್ರ, ಸತು, ನಿಕಲ್ ಬೆರೆತ ಮಿಶ್ರಲೋಹದ ಹೆಸರು. ಜನ ಮಾತ್ರ ಆ ಹೆಸರನ್ನು ಅಲ್ಯುಮಿನಿಯಮ್ ಪಾತ್ರೆಗೆ, ಅದರಲ್ಲೂ ಮೇಲ್ಮೈಗೆ ಹಳದಿ ಬಣ್ಣ ಕೊಟ್ಟ ಅಲ್ಯುಮಿನಿಯಮ್ಮಿಗೆ ಅಂಟಿಸಿದರು. ಹೆಸರಿನಲ್ಲಿ ಬೆಳ್ಳಿ, ಬಣ್ಣದಲ್ಲಿ ಬಂಗಾರ, ಒಳಗೆ ಅಲ್ಯುಮಿನಿಯಮ್. ಬಡವರ ಮನೆಯ ಪಾತ್ರೆಗೆ ಇದಕ್ಕಿಂತ ಒಳ್ಳೆಯ ಹೆಸರನ್ನು ಕಾದಂಬರಿಕಾರನೂ ಇಡಲಾರ. ದೊಸಿರಾಕ್ ಎಂಬ ಪದಕ್ಕೂ ಒಂದು ಕತೆಯಿದೆ. 1910ರಿಂದ 1945ರವರೆಗಿನ ಜಪಾನಿ ಆಳ್ವಿಕೆಯಲ್ಲಿ ಬುತ್ತಿಗೆ ಜಪಾನಿನ ‘ಬೆಂತೊ’ ಎಂಬ ಮಾತೇ ರೂಢಿಯಾಗಿತ್ತು. ಬಿಡುಗಡೆಯಾದ ಮೇಲೆ ಭಾಷೆಯನ್ನು ತೊಳೆಯುವ ಹುರುಪಿನಲ್ಲಿ ಕೊರಿಯನ್ನರು ತಮ್ಮ ಹಳೆಯ ಪದವನ್ನು ಮುಂದಕ್ಕೆ ತಂದರು. ಆದರೂ ಹಳಬರ ಬಾಯಲ್ಲಿ ‘ಬೆಂತೊ’ ಬಹಳ ಕಾಲ ಉಳಿಯಿತು.

ಇನ್ನು ಒಲೆ. ಚಳಿಗಾಲದಲ್ಲಿ ತರಗತಿಯ ನಡುವೆ ಕಲ್ಲಿದ್ದಲಿನದೋ ಸೌದೆಯದೋ ಒಂದು ಕಬ್ಬಿಣದ ಒಲೆ ಇರುತ್ತಿತ್ತು. ಮಕ್ಕಳು ತಂದ ಡಬ್ಬಿಗಳನ್ನು ಅದರ ಮೇಲೆ ಗೋಪುರದಂತೆ ಒಂದರ ಮೇಲೊಂದು ಪೇರಿಸುತ್ತಿದ್ದರು. ಅಲ್ಯುಮಿನಿಯಮ್ ಬೇಗ ಕಾಯುವ ಲೋಹ. ತಳದ ಡಬ್ಬಿಯ ಅನ್ನ ಸೀದು ಹಕ್ಕಳೆಯಾಗುತ್ತಿತ್ತು, ತುದಿಯದಕ್ಕೆ ಶಾಖವೇ ತಾಗುತ್ತಿರಲಿಲ್ಲ. ಹಾಗಾಗಿ ಆ ದಿನದ ಪಾಳಿಯ ಹುಡುಗನೋ ಹುಡುಗಿಯೋ ಪಾಠದ ನಡುವೆಯೇ ಎದ್ದು ಕೆಳಗಿನದನ್ನು ಮೇಲಕ್ಕೂ ಮೇಲಿನದನ್ನು ಕೆಳಕ್ಕೂ ಬದಲಾಯಿಸಬೇಕಿತ್ತು. ಮೂರನೆಯ ಪೀರಿಯಡ್ಡಿನ ಹೊತ್ತಿಗೆ ಕೋಣೆಯೆಲ್ಲ ಬಿಸಿ ಕಿಮ್ಚಿಯ ವಾಸನೆ. ಒಂದೊಂದು ತರಗತಿಯಲ್ಲಿ ಅರವತ್ತು, ಎಪ್ಪತ್ತು, ಕೆಲವೆಡೆ ಇನ್ನೂ ಹೆಚ್ಚು ಮಕ್ಕಳಿದ್ದ ಕಾಲವದು. ಮೊಳಕೆ ಬರಿಸುವ ಮಡಕೆಯಲ್ಲಿ ಕಾಳು ಒತ್ತೊತ್ತಾಗಿ ನಿಂತಂತೆ ಎಂದು ಅವರೇ ಅಂಥ ತರಗತಿಗೆ ಹೆಸರಿಟ್ಟಿದ್ದಾರೆ. ಅಷ್ಟು ಡಬ್ಬಿಗಳು, ಒಂದು ಒಲೆ. ಯಾರ ಡಬ್ಬಿ ನಡುವಿನಲ್ಲಿ ಇರಬೇಕು?

ನೆನಪಿನ ಪ್ರಬಂಧಗಳು ವಾಸನೆಯನ್ನು ಹೇಳುತ್ತವೆ, ಈ ಪ್ರಶ್ನೆಯನ್ನು ಕೇಳುವುದಿಲ್ಲ. ಇದನ್ನು ಕೇಳಿದ ಒಂದು ಕೃತಿ ನನಗೆ ಗೊತ್ತು. ಯಿ ಮುನ್‌ಯೋಲ್ 1987ರಲ್ಲಿ ಪ್ರಕಟಿಸಿದ, ಆ ವರ್ಷದ ಯಿ ಸಾಂಗ್ ಸಾಹಿತ್ಯ ಪ್ರಶಸ್ತಿ ಪಡೆದ ನೀಳ್ಗತೆ. ಇಂಗ್ಲಿಷಿನಲ್ಲಿ ‘ಅವರ್ ಟ್ವಿಸ್ಟೆಡ್ ಹೀರೋ’ ಎಂದು ಸಿಗುತ್ತದೆ, ವಿದ್ಯಾರ್ಥಿಗಳು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಸೋಲ್ ನಗರದಿಂದ ಸಣ್ಣ ಊರಿನ ಶಾಲೆಗೆ ಬಂದ ಹಾನ್ ಬ್ಯೊಂಗ್‌ತೆ ಎಂಬ ಹುಡುಗ, ಆ ತರಗತಿಯನ್ನು ಅರಸನಂತೆ ಆಳುವ ಮಾನಿಟರ್ ಓಮ್ ಸೊಕ್‌ದೆ. ಬ್ಯೊಂಗ್‌ತೆಗೆ ಅಲ್ಲಿನ ಅಧಿಕಾರದ ಸ್ವರೂಪ ಮೊದಲು ಗೊತ್ತಾಗುವುದು ಪಾಠದಲ್ಲಲ್ಲ, ಊಟದ ಹೊತ್ತಿನಲ್ಲಿ. ಮಕ್ಕಳು ತಮ್ಮ ಬುತ್ತಿಯಲ್ಲಿದ್ದ ಒಳ್ಳೆಯ ತಿನಿಸನ್ನು ತಂದು ಸೊಕ್‌ದೆಯ ಮೇಜಿನ ಮೇಲಿಡುತ್ತಾರೆ. ಅವನಿಗೆ ಕುಡಿಯುವ ನೀರು ತಂದುಕೊಡುವುದಕ್ಕೆ ಪಾಳಿಯೇ ಇದೆ. ಹೊಸ ಹುಡುಗನಿಗೂ ಒಂದು ದಿನ ಹೇಳುತ್ತಾರೆ, ಇವತ್ತು ನೀರಿನ ಸರದಿ ನಿನ್ನದು ಅಂತ.

ಈ ದೃಶ್ಯದಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ, ಕಿತ್ತುಕೊಳ್ಳುವುದೂ ಇಲ್ಲ. ಎಲ್ಲರೂ ತಾವಾಗಿ ಕೊಡುತ್ತಾರೆ. ಅದಕ್ಕೇ ಅದು ಭಯ ಹುಟ್ಟಿಸುತ್ತದೆ. ಕತೆ ನಡೆಯುವುದು 1960ರ ಏಪ್ರಿಲ್ ಕ್ರಾಂತಿಯ ಆಸುಪಾಸಿನಲ್ಲಿ, ಸರ್ವಾಧಿಕಾರಿ ಸಿಂಗ್‌ಮನ್ ರೀ ಗದ್ದುಗೆ ಬಿಟ್ಟ ಕಾಲದಲ್ಲಿ. ಪ್ರಕಟವಾದದ್ದು ಇನ್ನೊಂದು ಸೈನಿಕ ಆಡಳಿತದ ವಿರುದ್ಧ ಜನ ಬೀದಿಗಿಳಿದ ವರ್ಷ. ಇದನ್ನು ರಾಜಕೀಯ ರೂಪಕವೆಂದು ಎಲ್ಲರೂ ಓದುತ್ತಾರೆ, ಸರಿಯೇ. ನನ್ನನ್ನು ಹೆಚ್ಚು ಕಾಡಿದ್ದು ನಿರೂಪಕನ ದನಿ. ಬಹುಕಾಲದ ನಂತರ ದೊಡ್ಡವನಾಗಿ, ಸೋತು, ನೆನಪು ಮಾಡಿಕೊಳ್ಳುವಾಗಲೂ ಸೊಕ್‌ದೆಯ ಆಳ್ವಿಕೆಗೆ ಶರಣಾದ ಮೇಲಿನ ದಿನಗಳ ಸುಖ ಅವನಿಗೆ ಮರೆತಿಲ್ಲ. ಅಂದರೆ ಅವನ ನೆನಪೂ ಸಿಹಿಯಾಗಿದೆ, ಮತ್ತು ಆ ಸಿಹಿಯನ್ನು ಅವನೇ ನಂಬುವುದಿಲ್ಲ. ಶಾಲೆಯ ನೆನಪನ್ನು ಬರೆಯುವವನು ತನ್ನ ಬಾಯಿರುಚಿಯನ್ನೇ ಅನುಮಾನಿಸುವ ಇಂಥ ಬರವಣಿಗೆ ನಮ್ಮಲ್ಲಿ ಎಷ್ಟಿದೆ ಎಂದು ಯೋಚಿಸಿದೆ. ದಲಿತ ಆತ್ಮಕಥನಗಳು ತಟ್ಟನೆ ನೆನಪಾದವು. ಅವನ್ನು ಓದಿದವರಿಗೆ ಶಾಲೆಯ ನೀರಿನ ಲೋಟ ಎಂಬುದು ಎಂದೂ ಬರಿಯ ಲೋಟವಾಗಿ ಉಳಿಯುವುದಿಲ್ಲ. ಉಳಿದಂತೆ ನಮ್ಮ ಶಾಲೆಯ ಪ್ರಬಂಧಗಳಲ್ಲಿ ನೀರು ಸಾಮಾನ್ಯವಾಗಿ ತಂಪಾಗಿಯೇ ಇರುತ್ತದೆ.

ಮತ್ತೆ ಡಬ್ಬಿಗೆ ಬರುತ್ತೇನೆ. ಪಾರ್ಕ್ ಚುಂಗ್-ಹೀ ಆಳ್ವಿಕೆಯ 1960 ಮತ್ತು 70ರ ದಶಕಗಳಲ್ಲಿ ಅಕ್ಕಿ ಉಳಿಸಲು ಸರ್ಕಾರ ಒಂದು ದೊಡ್ಡ ಆಂದೋಲನ ನಡೆಸಿತು. ಅನ್ನಕ್ಕೆ ಬಾರ್ಲಿ ಬೆರೆಸಿ, ಗೋಧಿಹಿಟ್ಟಿನ ತಿಂಡಿ ತಿನ್ನಿ ಎಂದು. 1969ರಿಂದ ಬುಧವಾರ ಮತ್ತು ಶನಿವಾರ ಹೋಟೆಲುಗಳಲ್ಲಿ ಹಗಲು ಹೊತ್ತು ಅನ್ನ ಮಾರುವಂತಿರಲಿಲ್ಲ. ಶಾಲೆಯಲ್ಲಿ ಆಂದೋಲನ ಬಂದು ನಿಂತದ್ದು ಮಕ್ಕಳ ಡಬ್ಬಿಯ ಮೇಲೆ. ಊಟಕ್ಕೆ ಮೊದಲು ಎಲ್ಲರೂ ಮುಚ್ಚಳ ತೆಗೆದು ಮೇಜಿನ ಮೇಲಿಡಬೇಕು, ಮೇಷ್ಟ್ರು ಸಾಲುಸಾಲಾಗಿ ಬಂದು ಅನ್ನದಲ್ಲಿ ಬಾರ್ಲಿ ಸಾಕಷ್ಟಿದೆಯೇ ಎಂದು ನೋಡುತ್ತಾರೆ. ಬರೀ ಬಿಳಿ ಅನ್ನ ತಂದವರಿಗೆ ಬೈಗುಳ, ಶಿಕ್ಷೆ. ಅನುಕೂಲಸ್ಥರ ಮನೆಯ ಮಕ್ಕಳು ಪಕ್ಕದವನ ಡಬ್ಬಿಯಿಂದ ಒಂದಿಷ್ಟು ಬಾರ್ಲಿ ಅನ್ನ ಎರವಲು ಪಡೆದು ತಮ್ಮ ಅನ್ನದ ಮೇಲೆ ಹರಡಿಕೊಳ್ಳುತ್ತಿದ್ದರಂತೆ. ಮೊನ್ನೆಮೊನ್ನೆಯವರೆಗೆ ಬಾರ್ಲಿ ಅಂದರೆ ನಾಚಿಕೆ. ಬಾರ್ಲಿ ಕೊಯ್ಲಿಗೆ ಮುಂಚಿನ ಹಸಿವಿನ ದಿನಗಳನ್ನು ದಾಟಲಾರದ ‘ಬಾರ್ಲಿ ಗುಡ್ಡ’ ಎಂದು ಕರೆದ ಜನ ಅವರು. ಈಗ ಹತ್ತು ನಿಮಿಷದ ಮಟ್ಟಿಗೆ ಬಡವರ ಮಗನ ಡಬ್ಬಿಗೆ ಬೇಡಿಕೆ. ಮೇಷ್ಟ್ರು ಅತ್ತ ಹೋದ ಮೇಲೆ ಆ ಬಾರ್ಲಿಯನ್ನು ಏನು ಮಾಡುತ್ತಿದ್ದರು, ಹಿಂದಿರುಗಿಸುತ್ತಿದ್ದರೋ, ತಿನ್ನುತ್ತಿದ್ದರೋ? ಒಬ್ಬ ಕತೆಗಾರನಿಗೆ ಇಷ್ಟು ಸಾಕು.

ಈ ಭಾಗ ನಮಗೆ ಅಷ್ಟೊಂದು ದೂರದ್ದಲ್ಲ. ಕೊರಿಯಾ 1970ರ ದಶಕದಲ್ಲಿ ಹೊಲಕ್ಕಿಳಿಸಿದ ‘ತೋಂಗಿಲ್’ ಭತ್ತದ ವಂಶದಲ್ಲಿ ನಮ್ಮ ರೈತರಿಗೂ ಗೊತ್ತಿದ್ದ ಐ.ಆರ್.8 ಇದೆ. ಇಳುವರಿ ಜೋರು, ರುಚಿ ಸಪ್ಪೆ ಎಂಬ ದೂರು ಅಲ್ಲೂ ಇತ್ತು. ಆ ಭತ್ತದ ಬಲದಿಂದಲೇ 1977ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬನೆ ಸಾಧಿಸಿದೆವೆಂದು ಸರ್ಕಾರ ಸಾರಿತು. ಅವರಿಗೆ ಗೋಧಿ ಬರುತ್ತಿದ್ದದ್ದು ಅಮೆರಿಕದ ಪಿ.ಎಲ್. 480 ಯೋಜನೆಯಲ್ಲಿ, ನಮಗೂ ಅದರಲ್ಲೇ. ನಮ್ಮ ಹಳ್ಳಿಶಾಲೆಗಳಲ್ಲಿ ಓದಿದ ಹಿರಿಯರು ಇವತ್ತಿಗೂ ‘ಕೇರ್ ಉಪ್ಪಿಟ್ಟು’ ಎಂದರೆ ಕಣ್ಣರಳಿಸುತ್ತಾರೆ. ನನ್ನ ಅಪ್ಪ ಅದರ ಬಗ್ಗೆ ಹೇಳುವಾಗ ಎಣ್ಣೆಯ ವಾಸನೆಯನ್ನೂ ಬಿಡದೆ ವರ್ಣಿಸುತ್ತಿದ್ದ. ಅದು ಯಾವ ಹಡಗಿನಲ್ಲಿ, ಯಾಕೆ ಬಂತು ಎಂಬುದು ಅವನ ಕತೆಯಲ್ಲಿ ಇರುತ್ತಿರಲಿಲ್ಲ. ತಿನ್ನುವ ಹುಡುಗನಿಗೆ ಅದು ಬೇಕಾಗಿಯೂ ಇರಲಿಲ್ಲ ಬಿಡಿ.

ಬುತ್ತಿ ತಾರದ ಮಕ್ಕಳ ವಿಷಯವನ್ನು ಕೊರಿಯಾದ ನೆನಪುಗಳು ಪೂರ್ತಿ ಮುಚ್ಚಿಟ್ಟಿಲ್ಲ. ಊಟದ ಗಂಟೆ ಹೊಡೆದೊಡನೆ ಮೆಲ್ಲಗೆ ಹೊರಗೆ ಜಾರಿ, ಮೈದಾನದ ನಲ್ಲಿಯಲ್ಲಿ ನೀರು ಕುಡಿದು ಹೊಟ್ಟೆ ತುಂಬಿಸಿಕೊಳ್ಳುವ ಹುಡುಗನ ಚಿತ್ರ ಅಲ್ಲಿ ಎಷ್ಟು ಸಲ ಬಂದಿದೆಯೆಂದರೆ ಅದೂ ಒಂದು ಸವಕಲು ಚಿತ್ರವಾಗಿದೆ. ಆದರೆ ಗಮನಿಸಿ: ಆ ಹುಡುಗ ಮುಂದೆ ಗೆದ್ದಿರುತ್ತಾನೆ. ಕಂಪನಿ ಕಟ್ಟಿರುತ್ತಾನೆ, ಮಂತ್ರಿಯಾಗಿರುತ್ತಾನೆ. ಗೆದ್ದವನ ನಲ್ಲಿನೀರು ಮಾತ್ರ ಆತ್ಮಕಥೆ ಸೇರುತ್ತದೆ.

ಇಲ್ಲೊಂದು ತಪ್ಪೊಪ್ಪಿಗೆ ಅನಿವಾರ್ಯ. ಕೆಲವು ವರ್ಷಗಳ ಹಿಂದೆ ನಾನು ಶಾಲೆಯ ಚಿತ್ರಾನ್ನದ ಡಬ್ಬಿಯ ಬಗ್ಗೆ ಒಂದು ಲಲಿತ ಪ್ರಬಂಧ ಬರೆದಿದ್ದೆ. ಬೇವಿನ ಮರದಡಿ ಎಲ್ಲರೂ ದುಂಡಗೆ ಕೂತು ಹಂಚಿಕೊಂಡು ತಿನ್ನುತ್ತಿದ್ದೆವು ಎಂದೆಲ್ಲ. ಬಹಳ ಜನ ಮೆಚ್ಚಿದರು. ಒಬ್ಬ ಹಳೆಯ ಸಹಪಾಠಿ ಫೋನ್ ಮಾಡಿ, ‘ಚೆನ್ನಾಗಿ ಬರ್ದಿದೀಯ ಕಣೋ. ಆ ಹೊತ್ತಲ್ಲಿ ನಾನು ಎಲ್ಲಿರ್ತಿದ್ದೆ, ನೆನಪೈತಾ?’ ಎಂದ. ನೆನಪಿರಲಿಲ್ಲ. ಅವನೇ ಹೇಳಿದ, ಮನೆಗೆ ಹೋಗಿ ಉಂಡು ಬರ್ತೀನಿ ಅಂತ ದಿನಾ ಹೊರಗೆ ಹೋಗಿ, ಕೆರೆ ಏರಿಯವರೆಗೆ ನಡೆದು ವಾಪಸು ಬರುತ್ತಿದ್ದನಂತೆ. ಸಿಟ್ಟಿನಿಂದ ಹೇಳಲಿಲ್ಲ, ನಗುತ್ತಲೇ ಹೇಳಿದ. ‘ಎಲ್ಲರೂ’ ಎಂಬ ಪದವನ್ನು ಆ ಪ್ರಬಂಧದಲ್ಲಿ ಏಳು ಸಲ ಬಳಸಿದ್ದೆ, ಆಮೇಲೆ ಎಣಿಸಿದೆ.

ಶಾಲೆಯ ಬುತ್ತಿಯ ನೆನಪಿನಲ್ಲಿ ಶಾಲೆಗೇ ಹೋಗದವರು ಇರಲು ಸಾಧ್ಯವೇ ಇಲ್ಲ. ಮಕ್ಕಳ ಡಬ್ಬಿಯಲ್ಲಿ ಬಾರ್ಲಿ ಹುಡುಕುತ್ತಿದ್ದ ಅದೇ ಕಾಲದಲ್ಲಿ ಸೋಲ್ ನಗರದ ‘ಶಾಂತಿ ಮಾರುಕಟ್ಟೆ’ಯ ಹೊಲಿಗೆ ಅಟ್ಟಗಳಲ್ಲಿ ಹದಿಮೂರು, ಹದಿನಾಲ್ಕರ ಹುಡುಗಿಯರು ಕೆಲಸಕ್ಕಿದ್ದರು. ಅಲ್ಲೇ ಬಟ್ಟೆ ಕತ್ತರಿಸುವ ಕೆಲಸದಲ್ಲಿದ್ದ ಜಿಯೊನ್ ತೆ-ಇಲ್ ಎಂಬ ಯುವಕ, ಮಧ್ಯಾಹ್ನ ಹಸಿದು ಕೂತ ಆ ಹುಡುಗಿಯರಿಗೆ ತನ್ನ ಬಸ್ಸಿನ ಕಾಸಿನಲ್ಲಿ ಅಗ್ಗದ ರೊಟ್ಟಿ ಕೊಡಿಸಿ, ರಾತ್ರಿ ಗಂಟೆಗಟ್ಟಲೆ ನಡೆದು ಮನೆ ಸೇರುತ್ತಿದ್ದ. 1970ರ ನವೆಂಬರ್ 13ರಂದು, ಕಾರ್ಮಿಕ ಕಾನೂನು ಪಾಲಿಸಿ ಎಂದು ಕೂಗುತ್ತ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತಾಗ ಅವನಿಗೆ 22 ವರ್ಷ. ಪಾರ್ಕ್ ಕ್ವಾಂಗ್-ಸು 1995ರಲ್ಲಿ ಅವನ ಬದುಕನ್ನು ಸಿನಿಮಾ ಮಾಡಿದ. ಆ ರೊಟ್ಟಿಯನ್ನು ಯಾವ ಹೋಟೆಲಿನವರೂ ನೆನಪಿನ ತಿಂಡಿಯೆಂದು ಬಂಗಾರದ ಬಣ್ಣದ ತಟ್ಟೆಯಲ್ಲಿಟ್ಟು ಬಡಿಸಿದ್ದನ್ನು ನಾನು ಕಂಡಿಲ್ಲ.

ನಮ್ಮ ಹುಡುಗರಲ್ಲಿ ಹೆಚ್ಚಿನವರು ಈ ಡಬ್ಬಿಯನ್ನು ನೋಡಿರುವುದು 2021ರ ‘ಸ್ಕ್ವಿಡ್ ಗೇಮ್’ ಸರಣಿಯಲ್ಲಿ. ಸಾಲದಲ್ಲಿ ಮುಳುಗಿದ 456 ಜನರನ್ನು ಒಂದೆಡೆ ಕೂಡಿಹಾಕಿ, ಮಕ್ಕಳ ಆಟಗಳನ್ನು ಆಡಿಸಿ, ಸೋತವರನ್ನು ಕೊಲ್ಲುವ ಕತೆ. ಅವರಿಗೆ ಅಲ್ಲಿ ಕೊಡುವ ಊಟಗಳಲ್ಲಿ ಈ ಹಳೆಯ ಡಬ್ಬಿಯೂ ಒಂದು, ಮೊಟ್ಟೆ ಸಮೇತ. ನಿರ್ದೇಶಕ ಹ್ವಾಂಗ್ ಡಾಂಗ್-ಹ್ಯೂಕ್ ಬಗ್ಗೆ ನನಗೆ ಪೂರ್ತಿ ಮೆಚ್ಚುಗೆಯಿಲ್ಲ. ರಕ್ತ ಹೆಚ್ಚಾಯಿತು, ಪ್ರತಿಮೆಗಳು ತೀರ ಬಿಡಿಸಿ ಹೇಳಿದಂತಾದವು. ಆದರೆ ಒಂದು ವಿಷಯದಲ್ಲಿ ಅವನಿಗೆ ಸಲಾಂ. ಇನ್ನೂ ನೋಡದವರು ಮುಂದಿನ ವಾಕ್ಯ ಬಿಟ್ಟು ಓದಬಹುದು. ಇಡೀ ಕೊಲೆಯ ಆಟವನ್ನು ಕಟ್ಟಿಸಿದವನು ಬಾಲ್ಯವನ್ನು ಇನ್ನೊಮ್ಮೆ ಅನುಭವಿಸಬೇಕೆಂದು ಹಂಬಲಿಸಿದ ಶ್ರೀಮಂತ ಮುದುಕ. ಹಳೆಯ ಓಣಿ, ಗೋಲಿ, ಸಕ್ಕರೆಯ ಬಿಲ್ಲೆ, ಬುತ್ತಿಯ ಡಬ್ಬಿ ಎಲ್ಲವೂ ಅವನ ನೆನಪಿಗಾಗಿ, ಉಳಿದವರ ಜೀವದ ಖರ್ಚಿನಲ್ಲಿ. ನೆನಪಿನ ವ್ಯಾಪಾರದ ಬಗ್ಗೆ ಇಷ್ಟು ನಿಷ್ಠುರವಾದ ವಿಮರ್ಶೆಯನ್ನು ಯಾವ ವಿಮರ್ಶಕನೂ ಬರೆದದ್ದು ನನಗೆ ಗೊತ್ತಿಲ್ಲ. ತಮಾಷೆಯೆಂದರೆ, ಸರಣಿ ಬಂದಮೇಲೆ ಲೋಕದ ತುಂಬ ಜನ ಆ ಸಕ್ಕರೆ ಬಿಲ್ಲೆಯನ್ನು ಮನೆಯಲ್ಲಿ ಮಾಡಿ ಆಡತೊಡಗಿದರು.

ಹಾಗಾದರೆ ಈ ಡಬ್ಬಿಯ ಕಾಲ ಮುಗಿದದ್ದಕ್ಕೆ ದುಃಖಪಡಬೇಕೇ? ಮುಗಿಸಿದ್ದು ಮೊದಲು ಬಿಸಿ ಕಾಪಾಡುವ ಡಬ್ಬಿಗಳು, ಆಮೇಲೆ ಶಾಲೆಯ ಅಡುಗೆಮನೆ. ಶಾಲಾ ಊಟದ ಕಾಯ್ದೆ ಬಂದದ್ದು 1981ರಲ್ಲಿ, ಅದು ಎಲ್ಲ ಹಂತದ ಶಾಲೆಗಳನ್ನು ತಲುಪುವ ಹೊತ್ತಿಗೆ ಹೊಸ ಶತಮಾನ ಬಂದಿತ್ತು. ನಮ್ಮಲ್ಲಿ ಅಕ್ಷರ ದಾಸೋಹ ಶುರುವಾದದ್ದೂ 2002ರಲ್ಲೇ. ಅದಕ್ಕೂ ಮೊದಲು ರಾತ್ರಿಯವರೆಗೆ ಶಾಲೆಯಲ್ಲೇ ಕೂತು ಓದುವ ಹೈಸ್ಕೂಲು ಮಕ್ಕಳಿಗೆ ದಿನಕ್ಕೆ ಎರಡು ಡಬ್ಬಿ. ಮೂವರು ಮಕ್ಕಳಿದ್ದ ತಾಯಿ ನಸುಕಿನಲ್ಲೆದ್ದು ಆರು ಡಬ್ಬಿ ತುಂಬಬೇಕಿತ್ತು. ಆ ತಾಯಂದಿರಿಗೆ ಯಾರಾದರೂ ‘ಆ ರುಚಿ ಈಗೆಲ್ಲಿ’ ಎಂದರೆ ಏನನ್ನುತ್ತಾರೋ.

ಊಟ ಎಲ್ಲರಿಗೂ ಪುಕ್ಕಟೆ ಕೊಡಬೇಕೋ ಬಡವರಿಗಷ್ಟೇ ಕೊಡಬೇಕೋ ಎಂಬ ಪ್ರಶ್ನೆ ಸೋಲ್ ನಗರದಲ್ಲಿ 2011ರ ಆಗಸ್ಟ್ 24ರಂದು ಮತದಾನಕ್ಕೇ ಹೋಯಿತು. ಬಡವರ್ಗಕ್ಕೆ ಮಾತ್ರ ಸಾಕು ಎಂದು ಹಟ ಹಿಡಿದವನು ಮೇಯರ್ ಓ ಸೆ-ಹೂನ್. ಮತ ಎಣಿಸಬೇಕಾದರೆ ಮೂರನೆಯ ಒಂದು ಭಾಗದಷ್ಟಾದರೂ ಜನ ಬರಬೇಕಿತ್ತು. ವಿರೋಧಿಗಳು ಮತಗಟ್ಟೆಗೇ ಹೋಗಬೇಡಿ ಎಂದರು, ಬಂದವರು ಶೇಕಡ 25.7. ಪೆಟ್ಟಿಗೆ ತೆರೆಯಲಿಲ್ಲ, ಮೇಯರ್ ರಾಜೀನಾಮೆ ಕೊಟ್ಟ. ಆ ವಾದವಿವಾದದಲ್ಲಿ ಮತ್ತೆ ಮತ್ತೆ ಬಂದ ಪದವೊಂದಿದೆ: ನುನ್‌ಚಿಯ ಅನ್ನ. ನುನ್‌ಚಿ ಎಂದರೆ ಎದುರಿನವರ ಮುಖ ನೋಡಿ ಅವರ ಮನಸ್ಸನ್ನು ಅಳೆಯುವುದು. ಹಾಗೆ ಅಳೆಯುತ್ತ, ಕುಗ್ಗುತ್ತ ಉಣ್ಣುವ ಅನ್ನ ಅದು. ಇಂಗ್ಲಿಷಿನಲ್ಲಿ ಇದನ್ನು ವಿವರಿಸಲು ಪರದಾಡುತ್ತಾರೆ. ಕನ್ನಡಿಗರಿಗೆ ವಿವರಣೆ ಬೇಡ, ನಮ್ಮಲ್ಲಿ ‘ಹಂಗಿನ ಕೂಳು’ ಇದೆ. ಬಡವನೆಂದು ಚೀಟಿ ತೋರಿಸಿ ಉಣ್ಣುವ ಮಗುವಿಗೆ ಅದು ನುನ್‌ಚಿಯ ಅನ್ನವಾಗುತ್ತದೆ ಎಂಬುದು ಒಂದು ಪಕ್ಷದ ವಾದವಾಗಿತ್ತು. ಡಬ್ಬಿಯ ಮುಚ್ಚಳ ತೆಗೆದು ಮೇಷ್ಟ್ರ ಮುಂದೆ ಕೂತಿದ್ದ ತಲೆಮಾರಿನವರಲ್ಲೇ ಅನೇಕರು ಆಗ ತಂದೆತಾಯಿಗಳಾಗಿ, ಅಜ್ಜಅಜ್ಜಿಯರಾಗಿ ಈ ಮಾತು ಕೇಳಿಸಿಕೊಂಡಿರಬೇಕು.

ಬುತ್ತಿಯ ನೆನಪುಗಳಲ್ಲಿ ನಾನು ಪೂರ್ತಿ ನಂಬುವ ಒಂದು ವಿವರವಿದೆ. ಮೊಟ್ಟೆ ದುಬಾರಿಯಾಗಿದ್ದ ಕಾಲದಲ್ಲಿ ಕೆಲವು ತಾಯಂದಿರು ಅದನ್ನು ಅನ್ನದ ಮೇಲೆ ಇಡುತ್ತಿರಲಿಲ್ಲ. ತಳದಲ್ಲಿಟ್ಟು ಮೇಲೆ ಅನ್ನ ಮುಚ್ಚುತ್ತಿದ್ದರು. ಮೇಲಿಟ್ಟರೆ ಮುಚ್ಚಳ ತೆಗೆದೊಡನೆ ಹತ್ತು ಕೈ ಬರುತ್ತವೆ. ಅದರಲ್ಲಿ ಪ್ರೀತಿಯೂ ಇದೆ, ಸ್ವಾರ್ಥವೂ ಇದೆ. ಹಂಚಿ ತಿನ್ನು ಎಂದು ಹೇಳಿಕೊಟ್ಟ ತಾಯಿಯೇ ಹಂಚದಿರಲು ಒಂದು ಉಪಾಯವನ್ನೂ ಡಬ್ಬಿಯಲ್ಲಿಟ್ಟು ಕಳಿಸಿದಳು. ಹುಡುಗ ಅನ್ನವನ್ನು ಒಂದು ಬದಿಯಿಂದ ತಿನ್ನುತ್ತ, ಅಡಿಯ ಹಳದಿ ಕಂಡರೂ ಕಾಣದವನಂತೆ ಕೂರಬೇಕು. ಹೋಟೆಲಿನ ಡಬ್ಬಿಯಲ್ಲಿ ಮೊಟ್ಟೆ ಮೇಲಿತ್ತು, ಫೋಟೋಕ್ಕೆ ಚೆನ್ನಾಗಿ ಬರುವ ಹಾಗೆ.

ಪಾರ್ಕ್ ವಾನ್‌ಸೊ ಅವರ 1992ರ ಆತ್ಮಕಥನಾತ್ಮಕ ಕಾದಂಬರಿಯ ಶೀರ್ಷಿಕೆಯೇ ಒಂದು ಪ್ರಶ್ನೆ: ಅಷ್ಟೊಂದು ಶಿಂಗಾ ತಿಂದು ಮುಗಿಸಿದವರು ಯಾರು? ಶಿಂಗಾ ಎಂದರೆ ಬೇಲಿ ಬದಿಯಲ್ಲಿ, ಗುಡ್ಡದ ಬುಡದಲ್ಲಿ ತಾನಾಗಿ ಬೆಳೆಯುವ, ಹುಳಿಯಾದ ರಸವಿರುವ ಕಾಂಡದ ಒಂದು ಗಿಡ. ಹಳ್ಳಿಯ ಮಕ್ಕಳು ಸಿಪ್ಪೆ ಸುಲಿದು ತಿನ್ನುತ್ತಿದ್ದರು. ತಾಯಿಯ ಹಟದಿಂದ ಸೋಲ್ ನಗರದ ಶಾಲೆಗೆ ಸೇರಿದ ಹುಡುಗಿ ಒಂದು ದಿನ ಅಲ್ಲಿನ ಮಕ್ಕಳಂತೆ ಜಾಲಿಯ ಹೂ ತಿಂದು ನೋಡುತ್ತಾಳೆ. ಹೊಟ್ಟೆ ತೊಳಸಿ ಬರುತ್ತದೆ. ಬಾಯಿಗೆ ಒಂದಿಷ್ಟು ಹುಳಿ ತಾಗಿದರೆ ಸರಿಹೋಗುತ್ತದೆಂದು ಶಿಂಗಾ ಹುಡುಕುತ್ತ ಗುಡ್ಡವೆಲ್ಲ ಅಲೆಯುತ್ತಾಳೆ. ಆ ಹುಡುಗಿಗೆ ಊರಿನ ನೆನಪು ಬರುವುದು ವಾಕರಿಕೆಯ ಜೊತೆಗೆ. ಗುಡ್ಡದಲ್ಲಿ ಒಂದೇ ಒಂದು ಕಾಂಡವೂ ಸಿಗುವುದಿಲ್ಲ.